ಬೆನ್ನುನೋವು ನಿಮ್ಮ ತಪ್ಪಲ್ಲ: ಕೂತಲ್ಲಿಂದ ಎದ್ದೇಳುವ ಹಕ್ಕು ಯಾರಿಗಿದೆ?

ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಹಾಲ್. ಅರವತ್ತು ಜನ ಟೈಲರ್‌ಗಳು, ಎಲ್ಲರೂ ಹೆಣ್ಣುಮಕ್ಕಳು. ಎದುರಿಗೆ ನಾನು, ಕೈಯಲ್ಲಿ ಬೆನ್ನುಮೂಳೆಯ ಪ್ಲಾಸ್ಟಿಕ್ ಮಾದರಿ. "ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ" ಅಂತ ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬರು ಕೈ ಎತ್ತಿದರು.

"ಮೇಡಂ, ನಾನು ಎದ್ರೆ ಮುಂದಿನವಳಿಗೆ ಪೀಸ್ ಹೋಗಲ್ಲ. ಲೈನ್ ನಿಂತೋಗುತ್ತೆ. ಸೂಪರ್‌ವೈಸರ್‌ಗೆ ನೀವೇ ಹೇಳ್ತೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಆ ದಿನ ನಾನು ಕುರ್ತಾದ ಒಳಗೆ ಸೊಂಟದ ಬೆಲ್ಟ್ ಬಿಗಿದುಕೊಂಡು ನಿಂತಿದ್ದೆ. ತರಬೇತಿ ಮುಗಿಸಿ ಆಫೀಸಿಗೆ ವಾಪಸ್ ಬಂದಿದ್ದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ಐದು ಜನರ ಒಂದು ಪುಟ್ಟ ಸ್ಟಾರ್ಟ್‌ಅಪ್ ನಮ್ಮದು. ಕನ್ನಡದಲ್ಲಿ ಆರೋಗ್ಯದ ವಿಷಯ ಹೇಳುವ ಆಡಿಯೋ, ವಿಡಿಯೋ ಮಾಡ್ತೀವಿ, ಕಾರ್ಖಾನೆ, ಶಾಲೆ, ಸ್ವಸಹಾಯ ಸಂಘಗಳಲ್ಲಿ ತರಬೇತಿ ಕೊಡ್ತೀವಿ. ಮೂರು ವರ್ಷದಿಂದ ಬೆನ್ನುನೋವಿನ ಜೊತೆಗೇ ಇದನ್ನು ನಡೆಸುತ್ತಿದ್ದೇನೆ. ಊರಿಗೆಲ್ಲ ಬುದ್ಧಿ ಹೇಳುವವಳ ಸೊಂಟವೇ ನೆಟ್ಟಗಿಲ್ಲ ಅನ್ನೋದನ್ನು ಬಹಳ ದಿನ ಮುಚ್ಚಿಟ್ಟಿದ್ದೆ. ಈಗ ಬರೆಯುತ್ತಿರುವುದಕ್ಕೆ ಕಾರಣ ಆ ಹೆಣ್ಣುಮಗಳ ಪ್ರಶ್ನೆ.

ಮೊದಲಿಗೆ, ಈ ನೋವು ಅಂದ್ರೆ ಏನು?

ಸೊಂಟದ ನೋವು ಜಗತ್ತಿನಲ್ಲಿ ಜನರನ್ನು ಅತಿ ಹೆಚ್ಚು ವರ್ಷ ಅಸಹಾಯಕರನ್ನಾಗಿಸುವ ಸಮಸ್ಯೆ. ಇದು ಪ್ರಾಣ ತೆಗೆಯುವುದಿಲ್ಲ, ಹಾಗಾಗಿ ಸುದ್ದಿಯಾಗುವುದಿಲ್ಲ. 2020ರಲ್ಲಿ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು, 2050ರ ಹೊತ್ತಿಗೆ ಈ ಸಂಖ್ಯೆ 84 ಕೋಟಿ ದಾಟಬಹುದು ಎಂಬುದು ಜಾಗತಿಕ ರೋಗಭಾರದ ಅಧ್ಯಯನದ ಅಂದಾಜು.

ಬೆನ್ನು ನೋಯುತ್ತೆ ಅಂದ ಕೂಡಲೇ ನಾವು ಹುಡುಕೋದು ಒಂದು ಕಾರಣವನ್ನು. ಡಿಸ್ಕ್ ಜಾರಿದೆಯಾ, ಮೂಳೆ ಸವೆದಿದೆಯಾ, ನರ ಒತ್ತಿದೆಯಾ? ನಾನೂ ಹುಡುಕಿದೆ. ಮೊದಲ ಎಂಆರ್‌ಐ ವರದಿ ಕೈಗೆ ಬಂದಾಗ ಅದರಲ್ಲಿದ್ದ "ಡಿಸ್ಕ್ ಸವಕಳಿ", "ಡಿಸ್ಕ್ ಉಬ್ಬು" ಅನ್ನೋ ಮಾತುಗಳನ್ನು ಓದಿ, ಮೂವತ್ತೊಂದನೇ ವಯಸ್ಸಿಗೇ ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಒಂದು ತಿಂಗಳು ಬಗ್ಗಿ ಬಕೆಟ್ ಎತ್ತಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ನೋವು ಕಡಿಮೆಯಾಗಲಿಲ್ಲ, ಭಯ ಮಾತ್ರ ಹೆಚ್ಚಾಯಿತು.

ಆಮೇಲೆ ಓದಿದ್ದು ಬೇರೆಯೇ ಕಥೆ ಹೇಳಿತು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ವಯಸ್ಸಿನವರಲ್ಲೇ 37% ಜನರಿಗೆ ಡಿಸ್ಕ್ ಸವೆದಿತ್ತು. 50ರ ವಯಸ್ಸಿನವರಲ್ಲಿ ಇದು 80%, 80 ದಾಟಿದವರಲ್ಲಿ 96%. ನೆನಪಿಡಿ, ಇವರ್‍ಯಾರಿಗೂ ನೋವಿರಲಿಲ್ಲ. ತಲೆಗೂದಲು ಬೆಳ್ಳಗಾಗುವ ಹಾಗೆ ಡಿಸ್ಕ್ ಕೂಡ ವಯಸ್ಸಾದಂತೆ ಬದಲಾಗುತ್ತೆ, ಅಷ್ಟೇ. ಸೊಂಟನೋವು ಅಂತ ಆಸ್ಪತ್ರೆಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ "ಇದೇ ಕಾರಣ" ಅಂತ ಒಂದು ಭಾಗವನ್ನು ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ.

ಹಾಗಂದ್ರೆ ನೋವು ಸುಳ್ಳು ಅಂತಲ್ಲ. ನೋವು ಅನ್ನೋದು ದೇಹದ ಎಚ್ಚರಿಕೆಯ ಗಂಟೆ. ಮೂಳೆ, ಸ್ನಾಯು, ಡಿಸ್ಕ್‌ಗಳ ಜೊತೆಗೆ ನಿದ್ದೆ, ದಣಿವು, ಭಯ, ಮನೆಯ ಚಿಂತೆ, ಕೆಲಸದ ಒತ್ತಡ ಎಲ್ಲವೂ ಸೇರಿ ಅದರ ಸದ್ದನ್ನು ಏರಿಸುತ್ತವೆ, ಇಳಿಸುತ್ತವೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವಿನಲ್ಲಿ ಎಷ್ಟೋ ಸಲ ಗಾಯ ಮಾಗಿರುತ್ತೆ, ಗಂಟೆ ಮಾತ್ರ ಬಡಿದುಕೊಳ್ಳುತ್ತಲೇ ಇರುತ್ತೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡ್ತೀನಿ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು, ಇದು ತುರ್ತು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು, ಇವುಗಳ ಜೊತೆ ಬರುವ ಬೆನ್ನುನೋವನ್ನೂ ಕಡೆಗಣಿಸಬಾರದು. ಅಂಥವರ ಸಂಖ್ಯೆ ಕಡಿಮೆ, ಆದರೆ ಆ ಕೆಲವರಿಗೆ ಸ್ಕ್ಯಾನ್ ಬೇಕೇ ಬೇಕು.

ಯಾವುದು ಕೆಲಸ ಮಾಡುತ್ತೆ, ಯಾವುದು ಮಾಡಲ್ಲ

ಡಿಸೆಂಬರ್ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ವ್ಯಾಯಾಮ, ಮಸಾಜ್‌ನಂಥ ಕೆಲವು ದೈಹಿಕ ಚಿಕಿತ್ಸೆ, ಮನೋಚಿಕಿತ್ಸೆ, ಅಗತ್ಯಬಿದ್ದರೆ ಉರಿಯೂತ ಕಡಿಮೆ ಮಾಡುವ ಮಾತ್ರೆ, ಇವು ಅದು ಒಪ್ಪುವ ದಾರಿಗಳು. ಬೇಡ ಅಂದಿದ್ದು ಯಾವುದನ್ನು ಗೊತ್ತಾ? ಸೊಂಟದ ಬೆಲ್ಟು, ಟ್ರ್ಯಾಕ್ಷನ್ ಅಂತ ಸೊಂಟ ಎಳೆಯುವ ಚಿಕಿತ್ಸೆ, ಅಲ್ಟ್ರಾಸೌಂಡ್ ಶಾಖ, ಅಫೀಮಿನ ಜಾತಿಯ ನೋವುನಿವಾರಕಗಳು. ನನ್ನ ಕುರ್ತಾದ ಒಳಗಿದ್ದ ಬೆಲ್ಟು ಆ ಪಟ್ಟಿಯಲ್ಲಿತ್ತು. ಅದನ್ನು ಬಿಡೋಕೆ ನನಗೆ ಎಂಟು ತಿಂಗಳು ಬೇಕಾಯಿತು.

ನನಗೆ ಹಿಡಿಸಿದ್ದು ನಡಿಗೆ. 2024ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಪ್ರಯೋಗದ ಫಲಿತಾಂಶ ಬಂತು. ಆಗತಾನೇ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ನೆರವಿನಿಂದ ನಿಧಾನಕ್ಕೆ ನಡಿಗೆ ಹೆಚ್ಚಿಸುವ ಕಾರ್ಯಕ್ರಮ, ಜೊತೆಗೆ ನೋವಿನ ಬಗ್ಗೆ ತಿಳಿವಳಿಕೆ. ಇನ್ನೊಂದು ಗುಂಪಿಗೆ ಏನೂ ಇಲ್ಲ. ನಡೆದವರಿಗೆ ನೋವು ಮರುಕಳಿಸಲು ತೆಗೆದುಕೊಂಡ ಮಧ್ಯಂಕ ಅವಧಿ 208 ದಿನ, ಉಳಿದವರಿಗೆ 112 ದಿನ. ಖರ್ಚಿಲ್ಲ, ಯಂತ್ರವಿಲ್ಲ, ಕಾಲಿದ್ದರೆ ಸಾಕು. ಮತ್ತೆ ಸಮಯ ಬೇಕು.

ಈ ಸಮಯದ ವಿಷಯಕ್ಕೆ ಬಂದಾಗಲೇ ನಮ್ಮ ತರಬೇತಿ ಎಡವುತ್ತಿತ್ತು. ನಾನು ಬೆಳಿಗ್ಗೆ ಆರೂವರೆಗೆ ಎದ್ದು ನಲವತ್ತು ನಿಮಿಷ ಪಾರ್ಕಿನಲ್ಲಿ ನಡೆಯಬಲ್ಲೆ. ನನ್ನ ಎದುರು ಕೂತಿದ್ದವರು ಆ ಹೊತ್ತಿಗೆ ಎರಡು ಹೊತ್ತಿನ ಅಡುಗೆ ಮುಗಿಸಿ, ನೀರು ಹಿಡಿದು, ಮಕ್ಕಳನ್ನು ರೆಡಿ ಮಾಡಿ ಫ್ಯಾಕ್ಟರಿ ವ್ಯಾನಿಗೆ ಓಡುತ್ತಿರುತ್ತಾರೆ. ಬ್ಯಾಕ್‌ರೆಸ್ಟ್ ಇಲ್ಲದ ಸ್ಟೂಲಿನ ಮೇಲೆ ಇಡೀ ದಿನ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ವಾಶ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದವರು ಎಷ್ಟೋ ಜನ. ಅವರಿಗೆ ಹೋಗಿ "ನೇರವಾಗಿ ಕೂತ್ಕೊಳ್ಳಿ, ದಿನಾ ವಾಕಿಂಗ್ ಮಾಡಿ" ಅಂತ ಹೇಳುತ್ತಿದ್ದೆ ನಾನು. ಅದಕ್ಕೆ ಬಿಲ್ಲು ಕೂಡ ಹಾಕುತ್ತಿದ್ದೆ.

ಕೆಲಸವೇ ನೋವಿನ ಭಾಗ

ಬೆನ್ನುನೋವಿಗೂ ಕೆಲಸದ ವಾತಾವರಣಕ್ಕೂ ಇರುವ ನಂಟು ಹಳೆಯ ಸಂಗತಿ. ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ 3,020 ಕಾರ್ಮಿಕರನ್ನು ಅಮೆರಿಕದಲ್ಲಿ ಕೆಲವು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನ 1991ರಲ್ಲಿ ಬಂತು. ತಮ್ಮ ಕೆಲಸ ಖುಷಿ ಕೊಡುವುದೇ ಅಪರೂಪ ಅಂದವರು ಬೆನ್ನುನೋವಿನ ದೂರು ಕೊಡುವ ಸಾಧ್ಯತೆ, ಕೆಲಸ ಹೆಚ್ಚುಕಡಿಮೆ ಯಾವಾಗಲೂ ಖುಷಿ ಕೊಡುತ್ತೆ ಅಂದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಇದನ್ನು ಮಾಲೀಕರು "ನೋಡಿ, ಎಲ್ಲಾ ಮನಸ್ಸಿನ ಆಟ" ಅಂತ ಓದಬಹುದು. ನಾನು ಓದಿಕೊಂಡಿದ್ದು ಹೀಗೆ: ಎತ್ತುವ ಭಾರ ಎಷ್ಟು ಮುಖ್ಯವೋ, ಎತ್ತುವ ಕೆಲಸದ ಮೇಲೆ ನಿಮಗೆ ಎಷ್ಟು ಹಿಡಿತ ಇದೆ ಅನ್ನೋದೂ ಅಷ್ಟೇ ಮುಖ್ಯ.

ಇನ್ನು ಕಾನೂನು ನೋಡೋಣ. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ ಸೆಕ್ಷನ್ 34, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸುವಂತಿಲ್ಲ ಅನ್ನುತ್ತಿತ್ತು. ಸೆಕ್ಷನ್ 44, ನಿಂತೇ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಬೇಕು ಅನ್ನುತ್ತಿತ್ತು. ಸೆಕ್ಷನ್ 55ರ ಪ್ರಕಾರ ಸಾಮಾನ್ಯವಾಗಿ ಐದು ಗಂಟೆಗಿಂತ ಹೆಚ್ಚು ಹೊತ್ತು ವಿರಾಮವಿಲ್ಲದೆ ದುಡಿಸುವಂತಿರಲಿಲ್ಲ, ವಿರಾಮ ಕನಿಷ್ಠ ಅರ್ಧ ಗಂಟೆ ಇರಬೇಕಿತ್ತು. ಆದರೆ ಇಡೀ ದಿನ ಕೂತೇ ಇರುವವರಿಗೆ ನಡುನಡುವೆ ಎದ್ದೇಳುವ ಹಕ್ಕು? ಅದರ ಬಗ್ಗೆ ಕಾಯ್ದೆ ಮೌನವಾಗಿತ್ತು.

ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ 29 ಔದ್ಯೋಗಿಕ ಕಾಯಿಲೆಗಳ ಪಟ್ಟಿ ಇತ್ತು. ಸೀಸದ ವಿಷ ಇತ್ತು, ಸಿಲಿಕೋಸಿಸ್ ಇತ್ತು, ಸದ್ದಿನಿಂದ ಬರುವ ಕಿವುಡುತನ ಇತ್ತು. ಕೋಟ್ಯಂತರ ದುಡಿಯುವ ಜನರ ಸೊಂಟನೋವು ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ವರದಿ ಮಾಡಬೇಕಿಲ್ಲ. ವರದಿ ಇಲ್ಲ ಅಂದ್ರೆ ಲೆಕ್ಕ ಇಲ್ಲ, ಲೆಕ್ಕ ಇಲ್ಲ ಅಂದ್ರೆ ಸಮಸ್ಯೆಯೇ ಇಲ್ಲ! ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಈ ಪಟ್ಟಿ ಹೊಸ ಸಂಹಿತೆಗೆ ವರ್ಗವಾಯಿತೇ ಹೊರತು ಸೊಂಟಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ.

ಭಾರದ ಲೆಕ್ಕವೂ ಹೀಗೇ. ಸಿಮೆಂಟ್ ಮೂಟೆ 50 ಕೆಜಿ. ಯೂರಿಯಾ ಚೀಲವೂ 50 ಕೆಜಿ ಇತ್ತು, 2018ರಲ್ಲಿ 45ಕ್ಕೆ ಇಳಿಯಿತು. ಹಮಾಲರ ಬೆನ್ನು ನೋಡಿ ಇಳಿಸಿದ್ದಲ್ಲ, ರೈತರು ಯೂರಿಯಾ ಬಳಸುವುದನ್ನು ತಗ್ಗಿಸಲಿ ಅಂತ ಇಳಿಸಿದ್ದು. ರೈತನೇ ದೇಶದ ಬೆನ್ನೆಲುಬು ಅಂತ ಭಾಷಣ ಮಾಡುವ ನಾವು ನಿಜವಾದ ಬೆನ್ನೆಲುಬುಗಳ ಬಗ್ಗೆ ಯೋಚಿಸಿದ್ದು ಇಷ್ಟು.

ಚಿಕಿತ್ಸೆಯ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನೂ ಗಮನಿಸಿ. ಆಯುಷ್ಮಾನ್ ಭಾರತ್‌ನಂಥ ಯೋಜನೆಗಳು ಕಟ್ಟಿರುವುದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಯ ಸುತ್ತ. ಬೆನ್ನಿನ ಶಸ್ತ್ರಚಿಕಿತ್ಸೆಗೆ ಅಲ್ಲಿ ದಾರಿ ಇದೆ. ವಾರಕ್ಕೆರಡು ಸಲ ಹೋಗಿ ಬರಬೇಕಾದ ಫಿಸಿಯೋಥೆರಪಿಗೆ ಜೇಬಿನಿಂದಲೇ ಕೊಡಬೇಕು. ಅಂದರೆ, ಹೆಚ್ಚಿನವರಿಗೆ ಬೇಕಾದದ್ದಕ್ಕೆ ದುಡ್ಡಿಲ್ಲ, ಕೆಲವೇ ಜನರಿಗೆ ಬೇಕಾದದ್ದಕ್ಕೆ ಇದೆ. ಇಎಸ್‌ಐ ಇರುವವರ ಸ್ಥಿತಿ ಸ್ವಲ್ಪ ವಾಸಿ: ವಂತಿಗೆಯ ಷರತ್ತು ಪೂರೈಸಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತೆ. ನಮ್ಮ ತರಬೇತಿಗೆ ಬಂದವರಲ್ಲಿ ಇದು ಗೊತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಇಎಸ್‌ಐ ಕಾರ್ಡ್ ಇರೋದು ಹೆರಿಗೆಗೆ ಮಾತ್ರ ಅಂದುಕೊಂಡವರೂ ಇದ್ದರು.

ನಾನು ತೆಗೆದುಹಾಕಿದ ಒಂದು ಸ್ಲೈಡ್

ಆ ಊಟದ ಹಾಲ್‌ನ ತರಬೇತಿ ಆದ ವಾರಕ್ಕೆ ಕಂಪನಿಯ ಎಚ್‌ಆರ್‌ನಿಂದ ಫೋನ್ ಬಂತು. "ತುಂಬಾ ಚೆನ್ನಾಗಿತ್ತು, ಇನ್ನೂ ಆರು ಯೂನಿಟ್‌ಗಳಲ್ಲಿ ಮಾಡಿ. ಒಂದೇ ವಿನಂತಿ. ಎದ್ದು ಓಡಾಡುವ ಸ್ಲೈಡ್, ಆಮೇಲೆ ಆ ಇಎಸ್‌ಐ ರಜೆಯ ಸ್ಲೈಡ್, ಎರಡನ್ನೂ ತೆಗೀರಿ. ಅದರ ಬದಲು ಕೂತಲ್ಲೇ ಮಾಡುವ ವ್ಯಾಯಾಮ ಹಾಕಿ."

ಆರು ಯೂನಿಟ್ ಅಂದ್ರೆ ನಮ್ಮ ಐದು ಜನರ ನಾಲ್ಕು ತಿಂಗಳ ಸಂಬಳ. ನಾನು ಸ್ಲೈಡ್ ತೆಗೆದೆ. ಎರಡು ಯೂನಿಟ್‌ಗಳಲ್ಲಿ ಕುತ್ತಿಗೆ ತಿರುಗಿಸುವುದು, ಭುಜ ಏರಿಸುವುದು ಹೇಳಿಕೊಟ್ಟು ಬಂದೆ. ಯಾರೂ ಪ್ರಶ್ನೆ ಕೇಳಲಿಲ್ಲ.

ಮೂರನೇ ಯೂನಿಟ್‌ಗೆ ಹೋಗುವ ಮೊದಲು ನನ್ನ ಸೊಂಟ ಹಿಡಿಯಿತು. ಒಂಬತ್ತು ದಿನ ಸರಿಯಾಗಿ ಕೂರಲಾಗಲಿಲ್ಲ. ಮಲಗಿಕೊಂಡೇ ವಿಡಿಯೋ ಕಾಲ್‌ನಲ್ಲಿ ಮೀಟಿಂಗ್ ಮಾಡಿದೆ, ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಿಂತುಕೊಂಡು ಕೆಲಸ ಮಾಡಿದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಮನೆಯೊಳಗೇ ಸುತ್ತಾಡಿದೆ. ನೋವು ಮೆಲ್ಲಗೆ ಇಳಿಯಿತು. ಆಗ ತಲೆಗೆ ಹೊಕ್ಕಿತು. ನಾನು ಹುಷಾರಾಗಿದ್ದು ನನ್ನ ಶಿಸ್ತಿನಿಂದಲ್ಲ. ಎದ್ದೇಳಲು, ಮಲಗಲು, "ಇವತ್ತು ಬರಲ್ಲ" ಅನ್ನಲು ನನಗೆ ಯಾರ ಅನುಮತಿಯೂ ಬೇಕಿರಲಿಲ್ಲ. ನಾನು ತೆಗೆದುಹಾಕಿದ್ದ ಸ್ಲೈಡ್‌ನಲ್ಲಿ ಇದ್ದದ್ದು ಅದೇ ಔಷಧಿ.

ವಾಪಸ್ ಹೋಗಿ ಒಂದು ಪ್ರಸ್ತಾಪ ಇಟ್ಟೆ. ಒಂದೇ ಲೈನ್‌ನಲ್ಲಿ, ಒಂದು ತಿಂಗಳು, ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಐದು ನಿಮಿಷ ಎಲ್ಲ ಮಷೀನ್ ನಿಲ್ಲಿಸೋಣ. ಪ್ರೊಡಕ್ಷನ್ ಎಷ್ಟು ಇಳಿಯುತ್ತೆ, ರಜೆ ಹಾಕುವವರು ಎಷ್ಟು ಕಡಿಮೆಯಾಗ್ತಾರೆ, ಎರಡನ್ನೂ ಬರೆದಿಡೋಣ. "ಹೇಳಿ ಕಳಿಸ್ತೀವಿ" ಅಂದರು. ಹೇಳಿ ಕಳಿಸಲಿಲ್ಲ. ಉಳಿದ ನಾಲ್ಕು ಯೂನಿಟ್‌ಗಳ ಕೆಲಸವೂ ಹೋಯಿತು. ಆ ವರ್ಷ ನಮ್ಮಲ್ಲಿ ಒಬ್ಬರನ್ನು ಪೂರ್ತಿ ಸಮಯದ ಕೆಲಸದಿಂದ ಅರ್ಧಕ್ಕೆ ಇಳಿಸಬೇಕಾಯಿತು. ನನ್ನ ಮನಸ್ಸಾಕ್ಷಿಯ ಬಿಲ್ ಕಟ್ಟಿದ್ದು ಆಕೆ. ಇದನ್ನು ಬಿಟ್ಟು ಕಥೆ ಹೇಳಿದರೆ ಅರ್ಧ ಸುಳ್ಳಾಗುತ್ತೆ.

ಹಾಗಾದ್ರೆ ಆರೋಗ್ಯ ಶಿಕ್ಷಣ ವ್ಯರ್ಥವಾ?

ಅಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. 1997ರಿಂದ ಅಲ್ಲಿ ಟಿವಿಯಲ್ಲಿ ದೊಡ್ಡ ಪ್ರಚಾರ ನಡೆಯಿತು. ಬೆನ್ನುನೋವು ಬಂದರೆ ಹಾಸಿಗೆ ಹಿಡಿಯಬೇಡಿ, ಚಟುವಟಿಕೆಯಿಂದಿರಿ, ಸಾಧ್ಯವಾದಷ್ಟು ಕೆಲಸಕ್ಕೆ ಹೋಗಿ ಅನ್ನೋದು ಸಂದೇಶ. ಜನರ ನಂಬಿಕೆ ಬದಲಾಯಿತು, ವೈದ್ಯರ ನಂಬಿಕೆಯೂ ಬದಲಾಯಿತು. ಬೆನ್ನುನೋವಿನ ಪರಿಹಾರ ಅರ್ಜಿಗಳು 15%ಗಿಂತ ಹೆಚ್ಚು ಇಳಿದವು. ಬರೀ ಮಾತಿನಿಂದ ಇಷ್ಟಾಗುತ್ತೆ ಅಂತ ನಮ್ಮಂಥ ಸ್ಟಾರ್ಟ್‌ಅಪ್‌ಗಳು ಹೂಡಿಕೆದಾರರಿಗೆ ತೋರಿಸೋಕೆ ಹೇಳಿ ಮಾಡಿಸಿದ ಉದಾಹರಣೆ.

ಆದರೆ ಆ ಪ್ರಚಾರ ನಡೆಸಿದ್ದು ಯಾರು? ಕಾರ್ಮಿಕರಿಗೆ ಪರಿಹಾರ ಕೊಡುವ ಸರ್ಕಾರಿ ಸಂಸ್ಥೆಯೇ. ಅಲ್ಲಿ ಕೆಲಸದಿಂದ ಬಂದ ಬೆನ್ನುನೋವಿಗೆ ಪರಿಹಾರ ಕೇಳಲು ಒಂದು ಅರ್ಜಿಯಿತ್ತು, ಆ ಅರ್ಜಿಯ ಖರ್ಚನ್ನು ಹೊರುವ ಸಂಸ್ಥೆಯಿತ್ತು. ಅದಕ್ಕೇ ಅದು ಜನರನ್ನು ಹುಷಾರು ಮಾಡಲು ದುಡ್ಡು ಸುರಿಯಿತು. ನಮ್ಮಲ್ಲಿ ಖರ್ಚೆಲ್ಲ ನೋವು ತಿನ್ನುವವರ ತಲೆಯ ಮೇಲೇ ಬೀಳುವಾಗ, ಅದನ್ನು ತಗ್ಗಿಸುವ ಅವಸರ ಬೇರೆ ಯಾರಿಗಿರುತ್ತೆ?

ಅದಕ್ಕೇ ಕೆಲಸದ ಅವಧಿಯ ಚರ್ಚೆಯನ್ನು ನಾನೀಗ ಆರೋಗ್ಯದ ಚರ್ಚೆ ಅಂತಲೇ ನೋಡ್ತೀನಿ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ವಾರದ ಲೆಕ್ಕ ಅಷ್ಟೇ ಇರುತ್ತಲ್ಲ ಅಂತ ವಾದ. ಬೆನ್ನು ವಾರದ ಸರಾಸರಿ ನೋಡಲ್ಲ, ಇವತ್ತು ಸತತವಾಗಿ ಎಷ್ಟು ಹೊತ್ತು ಕೂತೆ ಅಂತ ನೋಡುತ್ತೆ. ಅದೇ ವರ್ಷ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಸ್ಟಾರ್ಟ್‌ಅಪ್ ಜಗತ್ತಿನಲ್ಲಿ ಇದಕ್ಕೆ ಚಪ್ಪಾಳೆ ಹೊಡೆದವರಿಗೇನೂ ಕಡಿಮೆ ಇರಲಿಲ್ಲ. ಟೊಂಕ ಕಟ್ಟಿ ನಿಲ್ಲಬೇಕು ಅಂತ ಹೇಳುವವರು, ಆ ಟೊಂಕ ಬಿದ್ದುಹೋದರೆ ಯಾರು ನೋಡ್ಕೋತಾರೆ ಅಂತ ಹೇಳಲ್ಲ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನು ಮಾಡಿತು. 2021ರಲ್ಲಿ ತಮಿಳುನಾಡು ಕೂಡ ಮಾಡಿತು. ನಿಂತವರಿಗೆ ಕೂರುವ ಹಕ್ಕು ಇರಬಹುದಾದರೆ, ಕೂತವರಿಗೆ ಎದ್ದೇಳುವ ಹಕ್ಕು ಯಾಕಿರಬಾರದು? ಪಾಳಿಯಲ್ಲಿ ಎರಡು ಸಲ ಸಂಬಳಸಹಿತ ಐದು ನಿಮಿಷದ ವಿರಾಮ, ಬೆನ್ನಿಗೆ ಆಸರೆ ಇರುವ ಆಸನ, ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸ್ನಾಯು ಮತ್ತು ಮೂಳೆಯ ನೋವಿಗೆ ಜಾಗ, ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಫಿಸಿಯೋಥೆರಪಿ. ಇವ್ಯಾವೂ ಆಕಾಶದ ಹಣ್ಣಲ್ಲ.

ಮೊದಲು ನನ್ನ ಆಫೀಸಿನಲ್ಲೇ ಶುರು ಮಾಡಬೇಕಿತ್ತು. ನಾನು ಮಲಗಿಕೊಂಡು ಮೀಟಿಂಗ್ ಮಾಡುತ್ತಿದ್ದ ದಿನಗಳಲ್ಲೇ ನಮ್ಮ ವಿಡಿಯೋ ಎಡಿಟರ್ ಹುಡುಗ ರಾತ್ರಿ ಹನ್ನೊಂದರವರೆಗೆ ಕೂತಿರುತ್ತಿದ್ದ. ಒಂದು ದಿನ ಅವನೇ ಕೇಳಿದ, "ಅಕ್ಕಾ, ನನ್ ಬೆನ್ನೂ ಹಿಡ್ಕೊಂಡಿದೆ. ನಾನೂ ಮಲ್ಕೊಂಡು ಎಡಿಟ್ ಮಾಡ್ಲಾ?" ತಮಾಷೆಯ ಧಾಟಿಯಲ್ಲೇ ಕೇಳಿದ್ದು. ಈಗ ನಮ್ಮಲ್ಲಿ ಸಂಜೆ ಏಳರ ನಂತರ ಕೆಲಸ ಹೇಳುವಂತಿಲ್ಲ, ಮೂಲೆಯಲ್ಲಿ ಚಾಪೆ ಇದೆ, ನೋವಿನ ರಜೆಗೆ ಪ್ರಮಾಣಪತ್ರ ಕೇಳಲ್ಲ. ಎರಡು ವಿಡಿಯೋ ಕಡಿಮೆ ಬರ್ತಿವೆ. ನಡೀತಿದೆ.

ಈಗ ನಾವು ಹೆಚ್ಚಾಗಿ ಕೆಲಸ ಮಾಡೋದು ಕಾರ್ಮಿಕ ಸಂಘಟನೆಗಳ ಜೊತೆ, ಸ್ವಸಹಾಯ ಸಂಘಗಳ ಜೊತೆ. ದುಡ್ಡು ಕಡಿಮೆ. ಭಾನುವಾರ ಮಧ್ಯಾಹ್ನ ಯಾರದೋ ಮನೆಯ ಮಹಡಿಯ ಮೇಲೆ ಸೇರ್ತೀವಿ. ಬೆನ್ನುಮೂಳೆಯ ಅದೇ ಪ್ಲಾಸ್ಟಿಕ್ ಮಾದರಿ ಇರುತ್ತೆ. ಹತ್ತು ನಿಮಿಷ ನೋವಿನ ಬಗ್ಗೆ, ಹತ್ತು ನಿಮಿಷ ವ್ಯಾಯಾಮ, ಆಮೇಲೆ ಇಎಸ್‌ಐ ಅರ್ಜಿ ತುಂಬೋದು, ಭಾರ, ಆಸನ, ವಿರಾಮದ ಬಗ್ಗೆ ಕಾನೂನು ಏನು ಹೇಳುತ್ತೆ ಅನ್ನೋದು. ಮೊನ್ನೆ ಅಂಥದ್ದೇ ಒಂದು ಸಭೆಯಲ್ಲಿ ಒಬ್ಬ ಹಿರಿಯ ಟೈಲರ್ ಕೇಳಿದರು, "ಐದು ನಿಮಿಷ ಮಷೀನ್ ನಿಲ್ಲಿಸಿ ಅಂತ ನಾವೆಲ್ಲ ಒಟ್ಟಿಗೆ ಬರೆದುಕೊಟ್ರೆ ಏನಾಗುತ್ತೆ ಮೇಡಂ?"

ಏನಾಗುತ್ತೋ ಗೊತ್ತಿಲ್ಲ ಅಂದೆ. ಅರ್ಜಿ ಬರೆಯೋಕೆ ಕೂತೆವು. ಅರ್ಧ ಗಂಟೆ ಆದ ಮೇಲೆ ಅವರೇ ನೆನಪಿಸಿದರು, "ಏಳ್ರೀ ಮೇಡಂ, ಒಂದ್ ಸುತ್ತು ಓಡಾಡಿ ಬರೋಣ."